ಹಳೆಯ ಕಾರಿನ ಕಿಡಿ

ರೇಡಿಯೋ ಇರುವ ಮನೆಯವರಿಗೆ ಈ ಅನುಭವ ಹೊಸದಲ್ಲ. ಮೀಡಿಯಂ ವೇವಿನಲ್ಲಿ ಸಂಗೀತ ಕಛೇರಿ ಕೇಳುತ್ತ ಕುಳಿತಿರುವಾಗ ಬೀದಿಯಲ್ಲಿ ಹಳೆಯ ಮೋಟಾರೊಂದು ಹಾದುಹೋದರೆ ಪೆಟ್ಟಿಗೆಯೊಳಗಿನಿಂದ ಚಿಟಚಿಟನೆ ಸದ್ದು ಏಳುತ್ತದೆ. ಗಾಡಿಯ ವೇಗ ಏರಿದಂತೆಲ್ಲ ಸದ್ದು ಒತ್ತೊತ್ತಾಗುತ್ತದೆ. ಗಾಡಿ ತಿರುವು ದಾಟಿತೆಂದರೆ ಗಾಯಕರು ಮತ್ತೆ ತಮ್ಮ ಪಾಡಿಗೆ ತಾವು ಹಾಡತೊಡಗುತ್ತಾರೆ. ರೇಡಿಯೋ ಕೆಟ್ಟಿತೆಂದು ಅದರ ತಲೆಯ ಮೇಲೆ ಒಂದು ಏಟು ಹಾಕುವುದು ನಮ್ಮಲ್ಲಿ ರೂಢಿ. ಪಾಪ, ರೇಡಿಯೋದ ತಪ್ಪೇನೂ ಇಲ್ಲ. ವಿದ್ಯುತ್ತಿನ ಕಿಡಿ ಹಾರಿದಲ್ಲೆಲ್ಲ ರೇಡಿಯೋ ತರಂಗ ಏಳುತ್ತದೆ. ಮಾರ್ಕೋನಿಯ ಕಾಲದ ಮೊದಮೊದಲ ನಿಸ್ತಂತು ಯಂತ್ರಗಳು ಕಿಡಿ ಹಾರಿಸಿಯೇ ಸಂದೇಶ ಕಳಿಸುತ್ತಿದ್ದವು. ಆ ಲೆಕ್ಕದಲ್ಲಿ ಪ್ರತಿಯೊಂದು ಹಳೆಯ ಪೆಟ್ರೋಲು ಗಾಡಿಯೂ ಅರ್ಥವಿಲ್ಲದ ಒಂದು ಚಿಕ್ಕ ಬಾನುಲಿ ನಿಲಯವೇ ಸರಿ.

ಆ ಕಿಡಿಯನ್ನು ಕುರಿತು ಈಗ ನಾಲ್ಕು ಮಾತು ಹೇಳುವುದಕ್ಕೆ ಕಾರಣವುಂಟು. ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಹತ್ತು ವರ್ಷಕ್ಕೆ ಮೊದಲೇ ನಿಂತಿತ್ತು. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇನ್ನೂ ಹಿಂದಿನ ಮಾತು. ಆದರೂ ತಂದೆಯ ಕಾಲದ ಗಾಡಿಯನ್ನು ಮಾರಲು ಮನಸ್ಸು ಬಾರದೆ, ಕರಾವು ನಿಂತ ಹಸುವನ್ನು ಸಾಕಿಕೊಂಡ ಹಾಗೆ ಸಾಕಿಕೊಂಡಿರುವ ಮನೆಗಳು ನಮ್ಮ ಊರುಗಳಲ್ಲಿ ಇಂದಿಗೂ ಇವೆ. ನಮ್ಮದೂ ಅವುಗಳಲ್ಲಿ ಒಂದು. ನಮ್ಮ ತೀರ್ಥರೂಪರು 1972ರಲ್ಲಿ ಕೊಂಡ ಅಂಬಾಸಿಡರ್ ಇನ್ನೂ ಸಂತೆಗೆ ಹೋಗಿಬರುತ್ತದೆ. ಇಂಥ ಮನೆಯವರು ನಾಲ್ಕು ಜನ ಒಂದೆಡೆ ಸೇರಿದರೆ ಬಂದೇ ಬರುವ ಪ್ರಶ್ನೆ ಇದು: ‘ಪಾಯಿಂಟು ಕಿತ್ತುಹಾಕಿ ಎಲೆಕ್ಟ್ರಾನಿಕ್ ಹಾಕಿಸಿಬಿಡೋಣವೇ?’ ಹಾಕಿಸಿದವರು ಹಾಕಿಸಿ ಎನ್ನುತ್ತಾರೆ, ಕೈಸುಟ್ಟುಕೊಂಡವರು ಬೇಡ ಎನ್ನುತ್ತಾರೆ. ಏನನ್ನು ತೆಗೆದು ಏನನ್ನು ಹಾಕುತ್ತಿದ್ದೇವೆಂಬುದನ್ನು ಮಾತ್ರ ಇಬ್ಬರೂ ಹೇಳುವುದಿಲ್ಲ. ಅದನ್ನು ಮೊದಲು ನೋಡೋಣ.

ಬ್ಯಾಟರಿಯಲ್ಲಿರುವುದು 12 ವೋಲ್ಟು. ಸಿಲಿಂಡರಿನೊಳಗೆ ಒತ್ತಿ ಹಿಡಿದ ಪೆಟ್ರೋಲು-ಗಾಳಿಯ ಮಿಶ್ರಣದ ನಡುವೆ, ಪ್ಲಗ್ಗಿನ ತುದಿಯ ಅರ್ಧ ಮಿಲಿಮೀಟರಿಗೂ ಸ್ವಲ್ಪ ಹೆಚ್ಚಿನ ಸಂದಿಯನ್ನು ಹಾರಿ ದಾಟಲು ಸಾವಿರಗಟ್ಟಲೆ ವೋಲ್ಟು ಬೇಕು. ಹನ್ನೆರಡನ್ನು ಹದಿನೈದು ಇಪ್ಪತ್ತು ಸಾವಿರ ಮಾಡಿಕೊಡುವುದು ಕಾಯಿಲ್. ಅದರೊಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ಸುರುಳಿಗಳಿವೆ: ದಪ್ಪ ತಂತಿಯ ಕೆಲವು ನೂರು ಸುತ್ತು ಒಂದು, ಕೂದಲಿನಂಥ ತಂತಿಯ ಸಾವಿರಾರು ಸುತ್ತು ಇನ್ನೊಂದು. ದಪ್ಪ ಸುರುಳಿಯಲ್ಲಿ ಕರೆಂಟು ಹರಿದಾಗ ತಿರುಳು ಅಯಸ್ಕಾಂತವಾಗುತ್ತದೆ. ಕರೆಂಟನ್ನು ಥಟ್ಟನೆ ಕಡಿದರೆ ಆ ಅಯಸ್ಕಾಂತಶಕ್ತಿ ಕುಸಿಯುತ್ತದೆ. ಕುಸಿಯುವ ರಭಸಕ್ಕೆ ಸಣ್ಣ ಸುರುಳಿಯಲ್ಲಿ ಭಾರಿ ವೋಲ್ಟು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ತ್ವ ಇದೇ. ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಕಿಡಿ ಹುಟ್ಟುವುದು ಕರೆಂಟು ಹರಿಯುವಾಗ ಅಲ್ಲ, ಅದನ್ನು ಕಡಿದಾಗ. ಎಷ್ಟು ಚುರುಕಾಗಿ ಕಡಿಯುತ್ತೇವೋ ಕಿಡಿ ಅಷ್ಟು ಗಟ್ಟಿ.

ಹಾಗೆ ಕಡಿಯುವ ಕತ್ತರಿಯೇ ಪಾಯಿಂಟು. ನಮ್ಮ ಮೆಕ್ಯಾನಿಕ್ಕುಗಳು ಹೇಳುವ ಸಿ.ಬಿ. ಪಾಯಿಂಟು. ಟಂಗ್‌ಸ್ಟನ್ ಲೋಹದ ಎರಡು ಪುಟ್ಟ ಬಿಲ್ಲೆಗಳು ಎದುರುಬದುರಾಗಿ ಕೂತಿರುತ್ತವೆ. ನಡುವೆ ತಿರುಗುವ ಕಂಬಕ್ಕೆ ನಾಲ್ಕು ಮೂಲೆಗಳಿವೆ, ಸಿಲಿಂಡರಿಗೊಂದರಂತೆ. ಮೂಲೆ ಬಂದು ತಳ್ಳಿದಾಗ ಬಿಲ್ಲೆಗಳು ಬಿಡುತ್ತವೆ, ಮೂಲೆ ದಾಟಿದಾಗ ಕೂಡುತ್ತವೆ. ಪಕ್ಕದಲ್ಲಿ ಹೆಬ್ಬೆರಳಿನ ತುದಿಯಷ್ಟು ಕಂಡೆನ್ಸರು. ಪಾಯಿಂಟು ಬಿಡುವ ಗಳಿಗೆಯಲ್ಲಿ ಕರೆಂಟು ನಿಲ್ಲಲೊಲ್ಲದೆ ಸಂದಿಯಲ್ಲೇ ಹಾರಿ ಬಿಲ್ಲೆಗಳನ್ನು ಸುಡಲು ನೋಡುತ್ತದೆ. ಕಂಡೆನ್ಸರು ಆ ನುಗ್ಗನ್ನು ಒಂದು ಕ್ಷಣ ತನ್ನ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಅಳತೆಯಲ್ಲಿ ಅದು ಒಂದು ಮೈಕ್ರೋಫ್ಯಾರಡಿನ ಐದನೆಯ ಒಂದು ಭಾಗದಷ್ಟು. ಕೆಟ್ಟರೆ ಮಾತ್ರ ಇಡೀ ಗಾಡಿ ನಿಲ್ಲುತ್ತದೆ.

ಈ ಏರ್ಪಾಟನ್ನು ಬಳಕೆಗೆ ತಂದವರು ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗ್. 1910ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಮೊದಲು ಬಂತು. ಅವರ ಸಂಸ್ಥೆಯ ಉದ್ದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಡೆಲ್ಕೋ ಎಂದಾಗುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಡಿಸ್ಟ್ರಿಬ್ಯೂಟರನ್ನು, ಅದನ್ನು ಯಾರೇ ತಯಾರಿಸಿರಲಿ, ‘ಡೆಲ್ಕೋ’ ಎನ್ನುವುದು ವಾಡಿಕೆ. ಅಂಕಿತನಾಮವು ರೂಢನಾಮವಾಗುವುದಕ್ಕೆ ತರಗತಿಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಪಾಯಿಂಟಿನ ಕೆಲಸವನ್ನು ಛಂದಸ್ಸು ಬಲ್ಲವರಿಗೆ ಬೇಗ ಹೇಳಬಹುದು. ಕಂಬದ ಒಂದು ಸುತ್ತು 360 ಡಿಗ್ರಿ. ನಾಲ್ಕು ಸಿಲಿಂಡರಿಗೆ ಹಂಚಿದರೆ ಒಂದೊಂದಕ್ಕೆ 90. ಲ್ಯೂಕಾಸ್ ಕಂಪನಿಯ 25ಡಿ4 ಎಂಬ ಮಾದರಿಯಲ್ಲಿ ಈ ತೊಂಬತ್ತರಲ್ಲಿ ಸುಮಾರು 60 ಡಿಗ್ರಿ ಪಾಯಿಂಟು ಕೂಡಿರಬೇಕು, 30 ಡಿಗ್ರಿ ಬಿಟ್ಟಿರಬೇಕು. ಎರಡು ಮಾತ್ರೆ, ಒಂದು ಮಾತ್ರೆ. ಎಂದರೆ ಗುರು, ಲಘು. ಗುರುವಿನ ಕಾಲದಲ್ಲಿ ಕಾಯಿಲ್ ತುಂಬಿಕೊಳ್ಳುತ್ತದೆ, ಲಘು ಶುರುವಾಗುವ ಗಳಿಗೆಗೆ ಕಿಡಿ ಹಾರುತ್ತದೆ. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಸಲ ಈ ಗುರು-ಲಘು ನಡೆಯಬೇಕು. ಅದೇ ವೇಗದಲ್ಲಿ ಎರಡು ಗಂಟೆ ಓಡಿದರೆ 7 ಲಕ್ಷ 20 ಸಾವಿರ ಸಲ. ಮಾತ್ರೆ ತಪ್ಪದೆ ಇಷ್ಟು ಹೊತ್ತು ಓದಬಲ್ಲ ಗಮಕಿ ಎಲ್ಲಿದ್ದಾನೆ?

ಇಲ್ಲಿಯೂ ಮಾತ್ರೆ ತಪ್ಪುತ್ತದೆ. ತೊಂದರೆಯ ಮೂಲ ಅದು. ಕಂಬದ ಮೂಲೆಗೆ ಉಜ್ಜುತ್ತಿರುವುದು ಫೈಬರಿನ ಒಂದು ಹಿಮ್ಮಡಿ. ಅದು ದಿನದಿನಕ್ಕೆ ಸವೆಯುತ್ತದೆ. ಸವೆದಂತೆ ಬಿಲ್ಲೆಗಳ ನಡುವಿನ ಸಂದಿ ಕಿರಿದಾಗುತ್ತದೆ, ಪಾಯಿಂಟು ತಡವಾಗಿ ಬಿಡುತ್ತದೆ, ಕಿಡಿಯೂ ತಡವಾಗುತ್ತದೆ. ಇನ್ನೊಂದೆಡೆ ಬಿಲ್ಲೆಗಳ ಮೈ ಸುಟ್ಟು ಒಂದರಲ್ಲಿ ಗುಳಿ, ಎದುರಿನದರಲ್ಲಿ ಗುಬ್ಬಿ ಏಳುತ್ತದೆ. ಇರಬೇಕಾದ ಸಂದಿ ಒಂದು ಅಂಗುಲದ ಸಾವಿರದಲ್ಲಿ 14ರಿಂದ 16 ಭಾಗ, ಹೆಚ್ಚುಕಡಿಮೆ 0.35ರಿಂದ 0.40 ಮಿಲಿಮೀಟರು. ಇಷ್ಟು ಸಣ್ಣ ಅಳತೆಯಲ್ಲಿ ಕೂದಲೆಳೆಯಷ್ಟು ಸವೆತವೂ ಲೆಕ್ಕಕ್ಕೆ ಬರುತ್ತದೆ. ಏರಿನಲ್ಲಿ ಗಾಡಿ ಏದುಸಿರು ಬಿಡುವುದು, ಬೆಳಿಗ್ಗೆ ಬೇಗ ಹತ್ತದಿರುವುದು, ಪೆಟ್ರೋಲು ಹೆಚ್ಚು ಕುಡಿಯುವುದು, ಇವೆಲ್ಲ ಅದರ ಫಲ. ಹಾಗೆಂದು ಇದು ರೋಗವಲ್ಲ. ನಮ್ಮ ಉಗುರು ಬೆಳೆಯುವಂತೆ ಅದರ ಸ್ವಭಾವ. ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ಮುಚ್ಚಳ ತೆಗೆದು, ಬಿಲ್ಲೆ ಒರೆಸಿ, ಫೀಲರ್ ಗೇಜು ತೂರಿಸಿ ಸಂದಿ ಸರಿಮಾಡಿ, ಕಂಬಕ್ಕೆ ಸಾಸಿವೆಯಷ್ಟು ಗ್ರೀಸು ಸವರಿದರೆ ಮತ್ತೆ ಗಾಡಿ ಹೊಸದು.

ಅದನ್ನು ಮಾಡುವ ಕೈಗಳು ಕಡಿಮೆಯಾದುವೆಂಬುದೇ ಇವತ್ತಿನ ಕಷ್ಟ. ಮುಚ್ಚಳ ತೆಗೆಯದೆ, ಎಂಜಿನಿನ ಸದ್ದು ಕೇಳಿಯೇ ಡೆಲ್ಕೋವನ್ನು ಎಡಕ್ಕೆ ಬಲಕ್ಕೆ ಕೂದಲಷ್ಟು ತಿರುಗಿಸಿ ಟೈಮಿಂಗು ಕೂರಿಸುತ್ತಿದ್ದ ಮೇಸ್ತ್ರಿಗಳಿಗೆ ವಯಸ್ಸಾಯಿತು. ಅವರ ಮಕ್ಕಳು ಕಂಪ್ಯೂಟರು ಚುಚ್ಚಿ ದೋಷ ಓದುವ ಗಾಡಿಗಳಲ್ಲಿ ಪಳಗಿದವರು. ಫೀಲರ್ ಗೇಜನ್ನು ಅವರು ನೋಡಿರುತ್ತಾರೆ, ಬಳಸಿರುವುದಿಲ್ಲ. ಇನ್ನು ಪೇಟೆಯಲ್ಲಿ ಸಿಗುವ ಪಾಯಿಂಟು-ಕಂಡೆನ್ಸರುಗಳೆಲ್ಲ ಒಂದೇ ಯೋಗ್ಯತೆಯವಲ್ಲ. ಹೊಸ ಕಂಡೆನ್ಸರು ಹಾಕಿದ ವಾರಕ್ಕೆ ಗಾಡಿ ನಿಂತು, ಹಳೆಯದನ್ನೇ ಹಾಕಿ ಮನೆಗೆ ಬಂದವರಿದ್ದಾರೆ. ಎಲೆಕ್ಟ್ರಾನಿಕ್ಕಿನ ಕಡೆಗೆ ಜನ ಮುಖ ಮಾಡಿರುವುದು ಮುಖ್ಯವಾಗಿ ಇದಕ್ಕಾಗಿ. ಬರಿಯ ಷೋಕಿ ಎನ್ನುವುದು ಅನ್ಯಾಯ.

ಹಾಗಾದರೆ ಈ ಹೊಸ ವಸ್ತು ಯಾವುದು? ಓದುಗರಿಗೆ ಅದು ಅಪರಿಚಿತವೇನಲ್ಲ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರು, ಗೂಡಿನಷ್ಟು ದೊಡ್ಡ ವಾಲ್ವ್ ರೇಡಿಯೋವನ್ನು ಅಂಗೈ ಮೇಲೆ ತಂದು ಕೂರಿಸಿತಷ್ಟೆ? ಅದೇ ಟ್ರಾನ್ಸಿಸ್ಟರು ಮೋಟಾರಿನ ಕಿಡಿಯ ಕೆಲಸಕ್ಕೂ ಬಂತು. ಚಿಕ್ಕ ಕರೆಂಟಿನ ಸನ್ನೆಯಿಂದ ದೊಡ್ಡ ಕರೆಂಟನ್ನು ಹರಿಸುವುದು, ನಿಲ್ಲಿಸುವುದು ಅದರ ಗುಣ. ಅದಕ್ಕೆ ಉಜ್ಜುವ ಭಾಗವಿಲ್ಲ, ಸುಡುವ ಬಿಲ್ಲೆಯಿಲ್ಲ. ಅಮೆರಿಕದ ಪಾಂಟಿಯಾಕ್ ಕಾರುಗಳಲ್ಲಿ 1963ರಲ್ಲಿ ಬೇಕೆಂದವರಿಗೆ ಇಂಥದನ್ನು ಕೊಟ್ಟರು. 1973ರ ಹೊತ್ತಿಗೆ ಕ್ರೈಸ್ಲರ್ ಕಂಪನಿ ಅಲ್ಲಿ ತಾನು ತಯಾರಿಸುವ ಕಾರುಗಳಿಗೆಲ್ಲ ಅದನ್ನೇ ಹಾಕಿತು. ಅಲ್ಲಿಂದ ಮುಂದೆ ಪಾಯಿಂಟಿನ ಕಾಲ ಇಳಿಮುಖ.

ಹಳೆಯ ಗಾಡಿಗೆ ಹಾಕುವ ಕಿಟ್ಟುಗಳಲ್ಲಿ ಎರಡು ಬಗೆ. ಒಂದರಲ್ಲಿ ಪಾಯಿಂಟು ಇದ್ದ ಹಾಗೇ ಇರುತ್ತದೆ. ಸನ್ನೆ ಕೊಡುವುದಷ್ಟೇ ಅದರ ಕೆಲಸ, ನಾಲ್ಕು ಆಂಪಿಯರಿನ ಹೊರೆ ಹೊರುವುದು ಟ್ರಾನ್ಸಿಸ್ಟರು. ಬಿಲ್ಲೆ ಸುಡುವುದು ತಪ್ಪಿತು, ಹಿಮ್ಮಡಿ ಸವೆಯುವುದು ತಪ್ಪಲಿಲ್ಲ. ಇನ್ನೊಂದು ಬಗೆಯಲ್ಲಿ ಪಾಯಿಂಟೇ ಇಲ್ಲ. ಕಂಬದ ಮೇಲೆ ಸಣ್ಣ ಅಯಸ್ಕಾಂತಗಳನ್ನು ಹುದುಗಿಸಿದ ಉಂಗುರ ಕೂರುತ್ತದೆ. ಪಾಯಿಂಟು ಇದ್ದ ಜಾಗದಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಒಂದು ಕಪ್ಪು ತುಂಡು. ಅಯಸ್ಕಾಂತ ಎದುರಿಗೆ ಬಂದುದನ್ನು ಅದು ಮುಟ್ಟದೆಯೇ ಅರಿಯುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕದ ವಿದ್ಯಾರ್ಥಿ, ಚಿನ್ನದ ತೆಳುಹಾಳೆಯಲ್ಲಿ ಕರೆಂಟು ಹರಿಸಿ ಅಯಸ್ಕಾಂತ ಹಿಡಿದು ಕಂಡುಕೊಂಡ ಗುಣವೇ ಇಲ್ಲಿ ಕೆಲಸ ಮಾಡುವುದು. ಇಂದು ಹೆಚ್ಚಾಗಿ ಸಿಗುವುದು ಈ ಎರಡನೆಯ ಬಗೆ. ಎಂಜಿಬಿ ಮೊದಲಾದ ಹಳೆಯ ಇಂಗ್ಲಿಷ್ ಕಾರುಗಳಿಗೂ 25ಡಿ4 ಡಿಸ್ಟ್ರಿಬ್ಯೂಟರೇ ಇದ್ದುದರಿಂದ ಅದಕ್ಕೆ ಹೊಂದುವ ಕಿಟ್ಟು ವಿರಳವಲ್ಲ. ತರಿಸುವುದಕ್ಕೆ ಮುಂಚೆ ಡಿಸ್ಟ್ರಿಬ್ಯೂಟರಿನ ಮೈಮೇಲೆ ಒತ್ತಿರುವ ಸಂಖ್ಯೆಯನ್ನು ಒರೆಸಿ ಓದಿಕೊಳ್ಳಿ. ಕಾರಿನ ಹೆಸರು ಹೇಳಿದರೆ ಸಾಲದು.

ಮಾರುವವರು ಹೇಳುವ ಮಾತಿನಲ್ಲಿ ಸ್ವಲ್ಪ ಸೋಸಿಕೊಳ್ಳಬೇಕಾದ್ದಿದೆ. ಶಕ್ತಿ ಹೆಚ್ಚುತ್ತದೆ, ಮೈಲೇಜು ಹೆಚ್ಚುತ್ತದೆ ಎನ್ನುತ್ತಾರೆ. ಒಣಗಿದ ತೆಂಗಿನ ಗರಿಗೆ ಒಂದು ಕಡ್ಡಿ ಗೀರಿದರೆ ಸಾಕು. ಪಂಜು ಹಿಡಿದು ಹೋದರೆ ಗರಿ ಹೆಚ್ಚೇನೂ ಉರಿಯುವುದಿಲ್ಲ. ಸರಿಯಾಗಿ ಕೂರಿಸಿದ ಪಾಯಿಂಟಿನ ಕಿಡಿಗೂ ಅಂಬಾಸಿಡರಿನ ಸಮಾಧಾನದ ಎಂಜಿನಿನಲ್ಲಿ ಮಿಶ್ರಣ ಹೊತ್ತಿಕೊಳ್ಳುತ್ತದೆ. ಹೊತ್ತಿದ ಮೇಲೆ ಹೊತ್ತಿತು, ಅಷ್ಟೆ. ಪಾಯಿಂಟು ಕುಣಿದು ಹದ ತಪ್ಪುವಂಥ ವೇಗವನ್ನು ನಮ್ಮ ರಸ್ತೆಗಳಲ್ಲಿ ಈ ಗಾಡಿ ಮುಟ್ಟುವುದೇ ಇಲ್ಲ. ಹೊಸ ಕಿಟ್ಟು ಹಾಕಿದೊಡನೆ ಗಾಡಿ ಹಾರಿತು ಎನ್ನುವವರ ಗಾಡಿಯಲ್ಲಿ ಹಳೆಯ ಪಾಯಿಂಟು ಸವೆದುಹೋಗಿತ್ತೆಂದು ತಿಳಿಯಬೇಕು. ಎಲೆಕ್ಟ್ರಾನಿಕ್ ಕೊಡುವ ನಿಜವಾದ ಲಾಭ ಬೇರೆ: ಇಂದು ಇದ್ದ ಹದ ಮುಂದಿನ ವರ್ಷವೂ ಹಾಗೇ ಇರುತ್ತದೆ. ಗುರು ಗುರುವಾಗಿಯೇ ಉಳಿಯುತ್ತದೆ. ಇದೇನೂ ಸಣ್ಣ ಲಾಭವಲ್ಲ.

ಇನ್ನೊಂದು ತಪ್ಪು ಗ್ರಹಿಕೆಯಿದೆ, ದೊಡ್ಡದು. ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟು ಒಂದೇ ಇರುವುದಲ್ಲ. ವೇಗ ಏರಿದಂತೆ ಕಿಡಿಯನ್ನು ಮುಂಚಿತವಾಗಿ ಕರೆಯುವ ತೂಕಗಳು, ಸ್ಪ್ರಿಂಗುಗಳು ತಟ್ಟೆಯ ಕೆಳಗಿವೆ. ಹಗುರವಾಗಿ ಓಡಿಸುವಾಗ ಗಾಳಿಯ ಸೆಳೆತದಿಂದ ತಟ್ಟೆಯನ್ನೇ ತಿರುಗಿಸುವ ವ್ಯಾಕ್ಯೂಮ್ ಡಬ್ಬಿ ಪಕ್ಕದಲ್ಲಿದೆ. ಕಂಬವನ್ನು ನೇರ ನಿಲ್ಲಿಸುವ ಬುಷ್ಷಿದೆ. ಮುಚ್ಚಳ, ರೋಟರು, ವೈರುಗಳಿವೆ. ಕಿಟ್ಟು ಬದಲಿಸುವುದು ಪಾಯಿಂಟು-ಕಂಡೆನ್ಸರನ್ನು ಮಾತ್ರ. ಮಿಕ್ಕವು ನಿಮ್ಮ ತಂದೆಯವರ ಕಾಲದವೇ. ಬುಷ್ಷು ಸವೆದು ಕಂಬ ಅಲ್ಲಾಡುತ್ತಿದ್ದರೆ ಪಾಯಿಂಟಿಗಿಂತ ಅಯಸ್ಕಾಂತ ಅದನ್ನು ಹೆಚ್ಚು ಸಹಿಸಿಕೊಳ್ಳುತ್ತದೆ, ನಿಜ. ಆದರೆ ತುಕ್ಕು ಹಿಡಿದ ತೂಕಗಳನ್ನು ಯಾವ ಟ್ರಾನ್ಸಿಸ್ಟರೂ ಬಿಡಿಸಲಾರದು.

ನನ್ನ ಪರಿಚಿತರೊಬ್ಬರ ಗಾಡಿಯ ಕಥೆಯನ್ನು ಇಲ್ಲಿ ಹೇಳಬೇಕು. ಕಿಟ್ಟು ಹಾಕಿಸಿದ ಮೇಲೂ ಅದು ಆಕ್ಸಿಲರೇಟರು ಒತ್ತಿದಾಗೆಲ್ಲ ಗಕ್ಕನೆ ಎಳೆದು ನಿಲ್ಲುತ್ತಿತ್ತು. ಕಿಟ್ಟೇ ಕೆಟ್ಟದೆಂದು ಇನ್ನೊಂದು ತಂದರು, ಅದೇ ಪಾಡು. ಮಗಳ ಹೆರಿಗೆಗೆಂದು ರಾತ್ರಿ ಆಸ್ಪತ್ರೆಗೆ ಹೊರಟಾಗ ಎರಡು ಸಲ ನಿಂತು, ಕೊನೆಗೆ ಬೇರೆ ಗಾಡಿ ಹಿಡಿದು ಹೋದರು. ಆಮೇಲೆ ಮುದುಕ ಮೇಸ್ತ್ರಿಯೊಬ್ಬ ಬಂದು ತಟ್ಟೆ ಎತ್ತಿ ತೋರಿಸಿದ. ಅಲುಗಾಡುವ ತಟ್ಟೆಗೂ ಡಿಸ್ಟ್ರಿಬ್ಯೂಟರಿನ ಮೈಗೂ ಅರ್ಥಿಂಗ್ ಕೊಡುವ ಗೇಣಿಗಿಂತ ಚಿಕ್ಕ ಹೆಣೆದ ತಂತಿಯೊಂದಿದೆ. ಅದು ಎಳೆ ಎಳೆಯಾಗಿ ಕಡಿದು, ವ್ಯಾಕ್ಯೂಮ್ ಡಬ್ಬಿ ತಟ್ಟೆಯನ್ನು ಎಳೆದಾಗೆಲ್ಲ ಬಿಟ್ಟುಹೋಗುತ್ತಿತ್ತು. ಹಳೆಯ ಪಾಯಿಂಟಿಗೂ ಅದೇ ತಂತಿ, ಹೊಸ ಕಿಟ್ಟಿಗೂ ಅದೇ ತಂತಿ. ಹತ್ತು ರೂಪಾಯಿನ ತಂತಿ ಬೆಸೆದದ್ದಕ್ಕೆ ಆ ಗಾಡಿಯ ರೋಗ ವಾಸಿಯಾಯಿತು.

ಆದ್ದರಿಂದ ಕಿಟ್ಟು ತರುವುದಕ್ಕೆ ಮುಂಚೆ ಡಿಸ್ಟ್ರಿಬ್ಯೂಟರನ್ನು ಬಿಚ್ಚಿ ತೊಳೆಸಿ. ತೂಕಗಳು ಸಲೀಸಾಗಿ ಆಡಬೇಕು. ವ್ಯಾಕ್ಯೂಮ್ ಕೊಳವೆಯನ್ನು ಬಾಯಿಂದ ಹೀರಿದರೆ ತಟ್ಟೆ ತಿರುಗಬೇಕು, ಹೀರಿದ್ದು ನಿಲ್ಲಬೇಕು. ಆ ಹೆಣೆದ ತಂತಿಯನ್ನು ಕಣ್ಣಿಟ್ಟು ನೋಡಿ. ಇಷ್ಟಾದ ಮೇಲೆ ಹೊಸ ಪಾಯಿಂಟು ಹಾಕಿ ಓಡಿಸಿ ನೋಡಿ. ಅನೇಕರಿಗೆ ಅಲ್ಲಿಗೇ ಸಾಕೆನಿಸಬಹುದು.

ಸಾಲದೆನಿಸಿದವರು ಮುಂದಿನದನ್ನು ಗಮನಿಸಬೇಕು. ಮೊದಲನೆಯದು ಬ್ಯಾಟರಿಯ ಯಾವ ತುದಿ ಬಾಡಿಗೆ ಕಟ್ಟಿದೆ ಎಂಬುದು. ಹಳೆಯ ಇಂಗ್ಲಿಷ್ ಪದ್ಧತಿಯ ಗಾಡಿಗಳಲ್ಲಿ ಧನ ತುದಿಯನ್ನು ಬಾಡಿಗೆ ಕಟ್ಟುತ್ತಿದ್ದರು. ಈಗ ಎಲ್ಲೆಡೆ ಋಣ. ಕಾಯಿಲ್ಲು ಪಾಯಿಂಟುಗಳು ಎರಡಕ್ಕೂ ಹೊಂದಿಕೊಂಡು ಹೋಗುತ್ತವೆ, ಟ್ರಾನ್ಸಿಸ್ಟರು ಹೋಗುವುದಿಲ್ಲ. ತಲೆಕೆಳಗಾಗಿ ಕೊಟ್ಟರೆ ಒಂದು ಕ್ಷಣದಲ್ಲಿ ಸುಟ್ಟುಹೋಗುತ್ತದೆ, ಹೊಗೆಯೂ ಕಾಣಿಸಲಿಕ್ಕಿಲ್ಲ. ಧನ ಅರ್ಥಿಂಗಿನ ಗಾಡಿಗೆ ಅದಕ್ಕೆಂದೇ ಮಾಡಿದ ಕಿಟ್ಟನ್ನು ಕೇಳಿ ತರಬೇಕು.

ಎರಡನೆಯದು ಕಾಯಿಲ್. ಮೀಟರು ಹಿಡಿದು ಅದರ ದಪ್ಪ ಸುರುಳಿಯ ಓಮ್ ನೋಡಿ. 3 ಓಮ್ ಇದ್ದರೆ ಹನ್ನೆರಡನ್ನು ಮೂರರಿಂದ ಭಾಗಿಸಿ, 4 ಆಂಪಿಯರು. ಒಂದೂವರೆ ಓಮಿನ ಕಾಯಿಲ್ಲನ್ನು ನೇರ ಜೋಡಿಸಿದರೆ ಎಂಟಾಗುತ್ತದೆ. ಅದನ್ನು ಎಲ್ಲ ಕಿಟ್ಟುಗಳೂ ತಾಳಲಾರವು. ಎಷ್ಟು ಓಮಿಗೆ ಕಡಿಮೆ ಇರಕೂಡದೆಂದು ಕಿಟ್ಟಿನ ಜೊತೆಯ ಕಾಗದದಲ್ಲಿ ಬರೆದಿರುತ್ತದೆ. ಆ ಕಾಗದವನ್ನು ಮೇಸ್ತ್ರಿ ಓದುವುದಿಲ್ಲ, ನೀವೇ ಓದಬೇಕು. ಕಂಡೆನ್ಸರು ಇರಬೇಕೇ ತೆಗೆಯಬೇಕೇ ಎಂಬುದೂ ಅದರಲ್ಲೇ ಇರುತ್ತದೆ. ಪಾಯಿಂಟಿಲ್ಲದ ಬಗೆಯಲ್ಲಿ ಸಾಮಾನ್ಯವಾಗಿ ತೆಗೆಯುತ್ತಾರೆ.

ಇನ್ನು ಪ್ಲಗ್ಗಿಗೆ ಹೋಗುವ ವೈರುಗಳು. ರೇಡಿಯೋದಲ್ಲಿ ಚಿಟಚಿಟ ಎನ್ನಿಸುವ ಅದೇ ತರಂಗಗಳು ಇಲ್ಲಿ ಬೇರೊಂದು ತಂಟೆ ಮಾಡುತ್ತವೆ. ಒಳಗೆ ಬರಿಯ ತಾಮ್ರದ ತಂತಿ ಇರುವ ಹಳೆಯ ವೈರುಗಳಿದ್ದರೆ ಕಿಡಿಯ ತರಂಗ ಪಕ್ಕದಲ್ಲೇ ಇರುವ ಕಪ್ಪು ತುಂಡನ್ನು ಗಾಬರಿಗೊಳಿಸಬಹುದು. ಅದು ಹೊತ್ತಲ್ಲದ ಹೊತ್ತಿನಲ್ಲಿ ಕಿಡಿ ಕೊಟ್ಟುಬಿಡುತ್ತದೆ. ಕಾರ್ಬನ್ ತಿರುಳಿನ, ತಡೆಯುಳ್ಳ ವೈರು ಹಾಕಿಸಿದರೆ ಈ ಬಾಧೆ ಇಲ್ಲ. ನೆರೆಮನೆಯವರ ಸಂಗೀತಕ್ಕೂ ಅದರಿಂದ ಉಪಕಾರವೇ.

ಹಾಕಿದ ಮೇಲೆ ಟೈಮಿಂಗನ್ನು ಹೊಸದಾಗಿ ಕೂರಿಸಬೇಕು. ಪಾಯಿಂಟಿನ ಗುರುತು ಇದಕ್ಕೆ ನಡೆಯುವುದಿಲ್ಲ. ಪಾಯಿಂಟು ಇದ್ದಾಗ ಸಣ್ಣ ಬಲ್ಬೊಂದನ್ನು ಜೋಡಿಸಿ, ಅದು ಹತ್ತುವ ಗಳಿಗೆ ನೋಡಿ ಕೂರಿಸುತ್ತಿದ್ದೆವು. ಇದಕ್ಕೆ ಎಂಜಿನು ಓಡುತ್ತಿರುವಾಗ ಮಿನುಗುವ ಟೈಮಿಂಗ್ ಲೈಟು ಹಿಡಿದು ಪುಲ್ಲಿಯ ಗುರುತು ನೋಡುವುದೇ ಸರಿಯಾದ ದಾರಿ. ಎಂಜಿನು ನಿಂತಿರುವಾಗ ಕೀ ತಿರುಗಿಸಿಟ್ಟು ಹಾಡು ಕೇಳುತ್ತ ಕೂರುವ ಅಭ್ಯಾಸವಿದ್ದರೆ ಬಿಡಬೇಕು. ಕಾಯಿಲ್ ಕಾಯುತ್ತದೆ, ಕೆಲವು ಕಿಟ್ಟುಗಳಿಗೆ ಅದೇ ಮೃತ್ಯು.

ಇಷ್ಟೆಲ್ಲ ಮಾಡಿಯೂ ಒಂದು ವ್ಯತ್ಯಾಸ ಉಳಿಯುತ್ತದೆ. ಪಾಯಿಂಟು ನರಳಿ ನರಳಿ ಕೆಡುತ್ತದೆ. ವಾರಗಟ್ಟಲೆ ಮುಂಚೆ ಸೂಚನೆ ಕೊಡುತ್ತದೆ, ದಾರಿಯಲ್ಲಿ ಕೈಬಿಟ್ಟರೂ ಎಮರಿ ಕಾಗದದಿಂದ ಉಜ್ಜಿದರೆ ಊರು ಮುಟ್ಟಿಸುತ್ತದೆ. ಕಪ್ಪು ತುಂಡು ಹಾಗಲ್ಲ. ಕೆಡುವುದು ಅಪರೂಪ, ಕೆಟ್ಟರೆ ಹೇಳದೆ ಕೇಳದೆ ಕೆಡುತ್ತದೆ. ಅದನ್ನು ರಿಪೇರಿ ಮಾಡುವವರು ಯಾರೂ ಇಲ್ಲ.

ನನ್ನ ಅಭಿಪ್ರಾಯ ಕೇಳುವುದಾದರೆ, ವಾರಕ್ಕೆ ನಾಲ್ಕು ದಿನ ಓಡುವ ಗಾಡಿಗೆ, ಮನೆಯ ಹೆಂಗಸರು ಮಕ್ಕಳು ಒಬ್ಬೊಬ್ಬರೇ ಒಯ್ಯುವ ಗಾಡಿಗೆ ಎಲೆಕ್ಟ್ರಾನಿಕ್ ಹಾಕಿಸುವುದು ಮೇಲು. ಆಯುಧಪೂಜೆಗೂ ಮದುವೆ ಮೆರವಣಿಗೆಗೂ ಮಾತ್ರ ಹೊರಡುವ ಗಾಡಿಗೆ ಪಾಯಿಂಟೇ ಇರಲಿ. ವರ್ಷಕ್ಕೊಮ್ಮೆ ಒರೆಸಿದರೆ ಅದು ಸುಮ್ಮನಿರುತ್ತದೆ. ಐವತ್ತು ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿತು. ಗಾಡಿ ಮೂಲ ಸ್ವರೂಪದಲ್ಲಿರಬೇಕೆಂಬುದು ಅದರ ಆಶಯ. ಆ ದಾರಿ ಹಿಡಿಯುವವರು ಬಿಚ್ಚಿದ ಯಾವ ಭಾಗವನ್ನೂ ಗುಜರಿಗೆ ಹಾಕದಿರುವುದು ಕ್ಷೇಮ.

ಯಾರೇ ಆಗಲಿ, ಬಿಚ್ಚಿದ ಪಾಯಿಂಟು, ಕಂಡೆನ್ಸರು, ಅವುಗಳ ಸಣ್ಣ ಸ್ಕ್ರೂಗಳನ್ನು ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ತಗಡಿನ ಡಬ್ಬಿಯೊಂದರಲ್ಲಿ ಡಿಕ್ಕಿಯೊಳಗೆ ಇಟ್ಟುಕೊಳ್ಳಿ. ಜೊತೆಗೆ ಒಂದು ಚಿಕ್ಕ ಸ್ಕ್ರೂಡ್ರೈವರು, ಫೀಲರ್ ಗೇಜಿನ ಹದಿನೈದರ ಎಲೆ, ಟಾರ್ಚು. ದಾರಿಯಲ್ಲಿ ಕಪ್ಪು ತುಂಡು ಕೈಕೊಟ್ಟರೆ ಮೊದಲು ಬ್ಯಾಟರಿಯ ತಂತಿ ಬಿಚ್ಚಿ. ಆಮೇಲೆ ತುಂಡನ್ನೂ ಉಂಗುರವನ್ನೂ ತೆಗೆದು, ಪಾಯಿಂಟು ಕೂರಿಸಿ, ಕಂಬದ ಮೂಲೆ ಹಿಮ್ಮಡಿಯ ಮೇಲೆ ಬರುವಂತೆ ಗಾಡಿಯನ್ನು ಟಾಪ್ ಗೇರಿನಲ್ಲಿಟ್ಟು ಕೈಯಿಂದ ಮೆಲ್ಲಗೆ ತಳ್ಳಿ, ಸಂದಿಯಲ್ಲಿ ಎಲೆ ತೂರಿಸಿ ಸ್ಕ್ರೂ ಬಿಗಿಯಿರಿ. ಅರ್ಧ ಗಂಟೆಯ ಕೆಲಸ. ಟಾರ್ಚು ಹಿಡಿಯುವುದಕ್ಕೆ ಮಾತ್ರ ಇನ್ನೊಬ್ಬರು ಬೇಕು.